ಮೋಟುಗಂಬ

ಮೊದಲು ಹಾರೆಯಲ್ಲ, ಮೊದಲು ಫೋನು.
ಈ ಬೀದಿಯ ಹೊಟ್ಟೆಯಲ್ಲಿ ಏನೇನಿದೆ ಎಂದು ಕೇಳಬೇಕು.
ಕೇಳಿದೆ. ನಗರಸಭೆಯ ಹುಡುಗಿ ಬಂದು
ಕಾಲುದಾರಿಯ ಮೇಲೆ ಬಣ್ಣ ಎರಚಿ ಹೋದಳು:
ಹಳದಿ ಅಂದರೆ ಗ್ಯಾಸು, ನೀಲಿ ನೀರು,
ಕೆಂಪು ಗೆರೆ ತಾಗಿತೋ,
ನಿಮ್ಮ ಮನೆಗೆ ನಾನೇ ಫೋನು ಮಾಡುತ್ತೇನೆ.

ವಾಂಗನೂಯಿ ಊರಿನ ಈ ಮೂಲೆಯಲ್ಲಿ
ಚನ್ನಾರಿಯ ಬೇಕರಿ.
ಹದಿನೈದು ದಿನದಿಂದ ಗಾಜಿನ ಜಾಗದಲ್ಲಿ ಪ್ಲೈವುಡ್ಡು,
ಅದರ ಮೇಲೆ ಮಾರ್ಕರಿನ ಸೊಟ್ಟ ಅಕ್ಷರ:
ತೆರೆದಿದ್ದೇವೆ, ಪೈ ಬಿಸಿಯಾಗಿದೆ.
ಹೋದದ್ದು ನಲವತ್ತೊಂದು ಡಾಲರು ಚಿಲ್ಲರೆ,
ಒಂದು ತಟ್ಟೆ ಡೋನಟ್ಟು.

ಕೋಟೆ ಸೂರೆ ಹೋದ ಮೇಲೆ
ದಿಡ್ಡಿಬಾಗಿಲು ಹಾಕುವವನು ನಾನು.
ಅದೇ ನನ್ನ ಕಸುಬು.
ಸೂರೆ ಹೋಗುವ ಮೊದಲು
ನನ್ನನ್ನು ಯಾರೂ ಕರೆದದ್ದಿಲ್ಲ.

ಕಂಬಕ್ಕೂ ಕಂಬಕ್ಕೂ ನಡುವೆ ಎಷ್ಟು?
ಕಾರು ತೂರಬಾರದು,
ಹೀನಿ ಅಜ್ಜಿಯ ಬ್ಯಾಟರಿ ಗಾಡಿ ತೂರಬೇಕು.
ಟೇಪು ನಾಲ್ಕಡಿ ಅನ್ನುತ್ತದೆ.
ಆದರೂ ಅಜ್ಜಿಯನ್ನೇ ಕರೆಸಿ
ಸೀಮೆಸುಣ್ಣದ ಗುರುತಿನ ನಡುವೆ ಎರಡು ಸಲ ಓಡಿಸಿದೆ,
ಬುಟ್ಟಿಯೊಳಗಿನ ನಾಯಿ ಸಮೇತ.

ಸರಪಳಿ ತೂಗುಹಾಕಿದರೆ ಚಂದ,
ಅಂದ ಪಕ್ಕದ ಕ್ಷೌರದಂಗಡಿಯ ಡೆಸ್ಮಂಡ್.
ಸರಪಳಿಯ ಕೆಳಗೆ
ಕಣ್ಣಿಲ್ಲದವರ ಬೆತ್ತ ತೂರಿಹೋಗುತ್ತದೆ ಮಾರಾಯ,
ಬೆತ್ತದ ಹಿಂದೆ ಬರುವ ಮೊಣಕಾಲು ತೂರುವುದಿಲ್ಲ.
ಕಂಬ ಗಿಡ್ಡವಾದರೆ ಎಡವುವ ಕಲ್ಲು.
ಸೊಂಟದೆತ್ತರವಿದ್ದರೆ ಕಾಣುತ್ತದೆ,
ಒರಗಿ ಹರಟಲೂ ಆಗುತ್ತದೆ.
ತಲೆಗೊಂದು ಬಿಳಿ ಪಟ್ಟಿ,
ಇಲ್ಲೊಬ್ಬ ನಿಂತಿದ್ದಾನೆಂದು ಕತ್ತಲಿಗೂ ಗೊತ್ತಾಗಲಿ.

ಚನ್ನಾರಿಯ ತಾಯಿ ಮಹಡಿಯಿಂದ ಇಳಿದು ಬಂದಳು,
ಒಂದೊಂದೇ ಗುರುತನ್ನು ಕಾಲಿನಿಂದ ಮುಟ್ಟಿ ನೋಡಿದಳು.
ಒಳಗೆ ಇನ್ನು ಯಾರೂ ನುಗ್ಗಲಾರರಲ್ಲ
ಎಂದು ಕೇಳಲಿಲ್ಲ ಅವಳು.
ಬೆಂಕಿ ಬಿದ್ದರೆ ನಾವು ಹೊರಗೆ ಓಡಬಹುದೇ
ಎಂದು ಮಗಳ ಬಾಯಲ್ಲಿ ಕೇಳಿಸಿದಳು.
ಬೇಲಿಯನ್ನು ಒಳಗಿನಿಂದ ನೋಡಿದವರ ಪ್ರಶ್ನೆ ಅದು.
ಮೂರನೇ ಗುರುತನ್ನು ಅಳಿಸಿ
ಬಾಗಿಲಿಂದ ಆಚೆ ಸರಿಸಿದೆ.

ಇಷ್ಟೆಲ್ಲ ಹೇಳಿ ಒಂದನ್ನು ನುಂಗಿಕೊಂಡಿದ್ದೆ.
ಆ ರಾತ್ರಿ ಕಾರಿನ ಚಕ್ರ ಹಿಡಿದಿದ್ದವನು
ನನ್ನ ತಂಗಿಯ ಮಗ ನಿಕೋರ.
ಹದಿನಾಲ್ಕು ತುಂಬಿ ಎರಡು ತಿಂಗಳು.
ಸೀಟು ಎಷ್ಟು ಮುಂದೆಳೆದರೂ
ಬ್ರೇಕಿಗೆ ಕಾಲು ಸರಿಯಾಗಿ ಎಟುಕುತ್ತಿರಲಿಲ್ಲವಂತೆ.

ಅವತ್ತು ಎದುರಿಗಿದ್ದದ್ದು ಬರೀ ಗಾಜು.
ಹಣೆಗೆ ಏಳು ಹೊಲಿಗೆ ಕೊಟ್ಟು
ಗಾಜು ಅವನನ್ನು ಒಳಗೆ ಬಿಟ್ಟುಕೊಂಡಿತು.
ಇವು ಬಿಟ್ಟುಕೊಳ್ಳುವುದಿಲ್ಲ.
ಉಕ್ಕಿನ ಕೊಳವೆ, ಹೊಟ್ಟೆ ತುಂಬ ಕಾಂಕ್ರೀಟು,
ಮೇಲೆ ಇರುವಷ್ಟೇ ನೆಲದ ಕೆಳಗೆ.
ಕ್ಯಾಟಲಾಗಿನಲ್ಲಿ ಬರೆದಿದೆ:
ಇಷ್ಟು ಟನ್ನು ಇಷ್ಟು ವೇಗಕ್ಕೆ
ಕಂಬ ಬಾಗುವುದು ಇಷ್ಟು ಇಂಚು.
ಕಾರಿನೊಳಗಿನವನು ಎಷ್ಟು ಬಾಗುತ್ತಾನೆ
ಎಂದು ಬರೆದಿಲ್ಲ.
ಪುಟ ತಿರುವಿ ಹಿಂದೆಯೂ ನೋಡಿದೆ.

ಎರಡೂ ಮನೆಯವರು ಕೂತು ಮಾತಾಡಿದ ಪ್ರಕಾರ
ಹತ್ತು ಶನಿವಾರ ಅವನು ನನ್ನ ಜೊತೆ.
ಮಣ್ಣು ಹೊರುತ್ತಾನೆ, ಮಾತಿಲ್ಲ.
ಮಧ್ಯಾಹ್ನ ಚನ್ನಾರಿ ಎರಡು ಪೈ ತಂದಳು,
ಎರಡನ್ನೂ ನನ್ನ ಕೈಗೇ ಕೊಟ್ಟಳು.

ಕೊನೆಯ ಕಂಬಕ್ಕೆ ರಸಮಟ್ಟ ಹಿಡಿದು ಕೇಳಿದ,
ಮಾಮ, ಅವತ್ತೇ ಇದು ಇಲ್ಲಿದ್ದಿದ್ದರೆ?

ಗುಳ್ಳೆ ನಡುವಿಗೆ ಬಂತಾ ನೋಡು, ಅಂದೆ.
ಬಂತು, ಅಂದ.
ಬಂದಿರಲಿಲ್ಲ.
ಕೂದಲೆಳೆಯಷ್ಟು ರಸ್ತೆಯ ಕಡೆಗೆ ವಾಲಿತ್ತು.
ಕಾಂಕ್ರೀಟು ಇನ್ನೂ ಹಸಿ,
ಒಂದು ಒದೆ ಕೊಟ್ಟಿದ್ದರೆ ನೆಟ್ಟಗಾಗುತ್ತಿತ್ತು.
ಹಾಗೇ ಬಿಟ್ಟೆ.